ಕೇಸರಿ ಬಣ್ಣಕ್ಕೆ ಜಗಳ, ಕೇಸರಿ ಬೆಳೆಯೋರಿಗೆ ನೀರಿಲ್ಲ

ಪುಲ್ವಾಮಾ ಅಂದ ತಕ್ಷಣ ನಮಗೆ ನೆನಪಾಗೋದು 2019ರ ಫೆಬ್ರವರಿಯ ದಾಳಿ. ಅದು ನಡೆದ ಲೆತ್‌ಪೋರಾ ಕೇಸರಿ ಬೆಳೆಯುವ ಊರು ಅನ್ನೋದು ಎಷ್ಟು ಜನಕ್ಕೆ ಗೊತ್ತು? ಪಾಂಪೋರ್ ಸುತ್ತಲಿನ ಈ ದಿಬ್ಬಗಳಲ್ಲೇ ದೇಶದ ಬಹುಪಾಲು ಕೇಸರಿ ಬೆಳೆಯುತ್ತೆ. ಕೇಸರಿ ಶಾಲಿನ ಬಗ್ಗೆ ದಿನಾ ಕಿತ್ತಾಡುವ ನಾವು ಕೇಸರಿ ಬೆಳೆಯ ಬಗ್ಗೆ ಮಾತೇ ಎತ್ತಲ್ಲ.

ಲೆಕ್ಕ ನೋಡಿ. ಒಂದು ಹೂವಿನಲ್ಲಿ ಸಿಗೋದು ಮೂರೇ ಕೆಂಪು ಎಳೆ. ಒಂದು ಕೆಜಿ ಒಣ ಕೇಸರಿಗೆ ಸುಮಾರು ಒಂದೂವರೆ ಲಕ್ಷ ಹೂವು ಬೇಕು, ಅಂದರೆ ಗ್ರಾಂಗೆ 150. ಹೂವು ಬಿಡೋದು ಅಕ್ಟೋಬರ್ ಕೊನೆಯಿಂದ ಎರಡು-ಮೂರು ವಾರ ಅಷ್ಟೇ. ಬಿಸಿಲೇರುವ ಮೊದಲು ಬಗ್ಗಿ ಬಗ್ಗಿ ಕೀಳಬೇಕು. ಆಮೇಲೆ ಮನೆಮಂದಿಯೆಲ್ಲ ಕೂತು ಕೈಯಲ್ಲೇ ಎಳೆ ಬಿಡಿಸಿ ಒಣಗಿಸಬೇಕು. ಬುಡದ ಹಳದಿ ಭಾಗ ತೆಗೆದ ಅಪ್ಪಟ ಕೆಂಪು ಎಳೆಗೆ 'ಮೊಂಗ್ರಾ' ಅಂತಾರೆ, ಹಳದಿ ಸಮೇತ ಇದ್ದರೆ 'ಲಚ್ಛಾ'.

ಈ ಬೆಳೆಗಾಗಿ ಕೇಂದ್ರ ಸರ್ಕಾರ 2010ರಲ್ಲಿ ಸುಮಾರು 400 ಕೋಟಿ ರೂಪಾಯಿಯ ರಾಷ್ಟ್ರೀಯ ಕೇಸರಿ ಮಿಷನ್ ತಂದಿತು. 2020ರಲ್ಲಿ ಜಿಐ ಟ್ಯಾಗ್ ಕೂಡ ಬಂತು. ಆದರೆ ಸರ್ಕಾರದ್ದೇ ಅಂಕಿಅಂಶದ ಪ್ರಕಾರ, 2010-11ರಲ್ಲಿ 8 ಟನ್ ಇದ್ದ ಇಳುವರಿ 2023-24ಕ್ಕೆ 2.6 ಟನ್‌ಗೆ ಕುಸಿದಿದೆ.

ಕಾರಣ ಹವಾಮಾನ ಅಂತ ಕೈತೊಳೆದುಕೊಳ್ಳೋದು ಸುಲಭ. ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಮಳೆ ಕೈಕೊಟ್ಟರೆ ಹೂವು ಬರಲ್ಲ, ನಿಜ. ಅದಕ್ಕೇ ತಾನೆ ಮಿಷನ್ ದುಡ್ಡಲ್ಲಿ ಬೋರ್‌ವೆಲ್ ಕೊರೆದು ಸ್ಪ್ರಿಂಕ್ಲರ್ ಹಾಕಿದ್ದು? ಅವು ಬಹಳ ಕಡೆ ಕೆಲಸ ಮಾಡ್ತಿಲ್ಲ ಅನ್ನೋದು ರೈತರ ಹಳೇ ದೂರು. ಇಂಜಿನಿಯರಿಂಗ್ ಓದಿದವನಾಗಿ ಹೇಳ್ತೀನಿ: ಪೈಪ್ ಹಾಕೋದಕ್ಕೆ ಬಜೆಟ್ ಇಟ್ಟು, ಅದನ್ನು ನೋಡಿಕೊಳ್ಳೋರು ಯಾರು ಅಂತ ಗೊತ್ತುಮಾಡದಿದ್ದರೆ ಎಲ್ಲಿಯಾದರೂ ಆಗೋದು ಇದೇ. ನಮ್ಮ ಹಳ್ಳಿಗಳ ಕೆಟ್ಟು ನಿಂತ ಶುದ್ಧ ನೀರಿನ ಘಟಕಗಳನ್ನೇ ನೆನಪಿಸಿಕೊಳ್ಳಿ.

ಇನ್ನು ಭೂಮಿ. ಕೇಸರಿ ಹೊಲವನ್ನು ಬೇರೆ ಉದ್ದೇಶಕ್ಕೆ ಬಳಸದಂತೆ ತಡೆಯೋಕೆ 2007ರಲ್ಲೇ ಅಲ್ಲಿ ಕಾಯ್ದೆ ಬಂದಿದೆ. ಆದರೂ ಹೊಲಗಳಲ್ಲಿ ಮನೆ, ಅಂಗಡಿ ಏಳ್ತಿವೆ. ಪಕ್ಕದ ಖ್ರೂ ಕಡೆಯ ಸಿಮೆಂಟ್ ಕಾರ್ಖಾನೆಗಳ ಧೂಳು ಬೆಳೆ ಮೇಲೆ ಕೂರುತ್ತೆ ಅಂತ ರೈತರು ಹೇಳ್ತಾನೇ ಇದ್ದಾರೆ. ಅತ್ತ ಮಾರುಕಟ್ಟೆಯಲ್ಲಿ ಇರಾನ್‌ನ ಅಗ್ಗದ ಕೇಸರಿಯ ಪೈಪೋಟಿ.

ಜಿಐ ಟ್ಯಾಗ್ ಇರೋದು ಹೆಸರಿನ ರಕ್ಷಣೆಗೆ. ಗದ್ದೆಗೆ ನೀರು ಬಿಡೋದು, ಕಾಯ್ದೆ ಜಾರಿ ಮಾಡೋದು ಸರ್ಕಾರದ ಕೆಲಸ. ಕಾಶ್ಮೀರ ನಮ್ಮದು ಅಂತ ಕೂಗೋರು, ಅಲ್ಲಿನ ರೈತನ ಸ್ಪ್ರಿಂಕ್ಲರ್ ಯಾಕೆ ಓಡ್ತಿಲ್ಲ ಅಂತಲೂ ಒಮ್ಮೆ ಕೇಳಲಿ.