ಷರತ್ತಿನ ಪಾಠ

2020ರ ರಾಷ್ಟ್ರೀಯ ಶಿಕ್ಷಣ ನೀತಿಯು 6ರಿಂದ 8ನೆಯ ತರಗತಿಯ ಹಂತದಲ್ಲಿಯೇ ಕೋಡಿಂಗ್ ಅಭ್ಯಾಸವನ್ನು ಸೂಚಿಸಿರುವುದರಿಂದ, ಷರತ್ತು ಮತ್ತು ಆಯ್ಕೆಗಳ ಪಾಠವನ್ನು ಮಕ್ಕಳಿಗೆ ಹೇಗೆ ಬೋಧಿಸಬೇಕೆಂಬ ಪ್ರಶ್ನೆಯು ಉಪಾಧ್ಯಾಯವರ್ಗದ ಮುಂದಿದೆ. ‘ಹೀಗಿದ್ದರೆ ಇದು, ಇಲ್ಲವಾದರೆ ಅದು’ ಎಂಬ ಸೂತ್ರವನ್ನು ಕಪ್ಪುಹಲಗೆಯಿಂದ ನಕಲು ಮಾಡಿಸುವುದು ಬೋಧನೆಯಲ್ಲವೆಂಬುದು ನಮ್ಮ ದೃಢವಾದ ಅಭಿಪ್ರಾಯ. ಅಧಿಕ ವರ್ಷವನ್ನು ಗುರುತಿಸುವ ಸಣ್ಣದೊಂದು ಪ್ರೋಗ್ರಾಮನ್ನು ಮಕ್ಕಳಿಂದಲೇ ಬರೆಯಿಸಿ ನೋಡಬೇಕು. 4ರಿಂದ ನಿಶ್ಶೇಷವಾಗಿ ಭಾಗವಾದರೆ ಅಧಿಕ ವರ್ಷವೆಂದಷ್ಟೇ ಬರೆದ ಬಾಲಕಿಗೆ 2024ರ ವಿಷಯದಲ್ಲಿ ಸರಿಯಾದ ಉತ್ತರವೇ ದೊರೆಯುವುದು. ಆದರೆ 1900ನ್ನು ಕೊಟ್ಟೊಡನೆ, ಆ ವರ್ಷದ ಫೆಬ್ರವರಿಗೆ 28 ದಿನಗಳೇ ಇದ್ದರೂ, ಯಂತ್ರವು ನಿಸ್ಸಂಕೋಚವಾಗಿ ತಪ್ಪನ್ನು ನುಡಿಯುವುದು. 100ರಿಂದ ಭಾಗವಾಗುವ ವರ್ಷಗಳನ್ನು ಬಿಡಬೇಕು, 2000ದಂತೆ 400ರಿಂದ ಭಾಗವಾಗುವಂಥವನ್ನು ಮರಳಿ ಸೇರಿಸಿಕೊಳ್ಳಬೇಕು, ಮತ್ತು ಇಂತಹ ಷರತ್ತುಗಳ ಸರಣಿಯಲ್ಲಿ ಯಂತ್ರವು ಮೇಲಿನಿಂದ ಪರೀಕ್ಷಿಸುತ್ತ ಬಂದು ಮೊದಲು ಸತ್ಯವಾದುದರಲ್ಲಿಯೇ ನಿಂತುಬಿಡುವುದರಿಂದ 400ರ ಪ್ರಶ್ನೆಯನ್ನೇ ಮೊದಲು ಕೇಳಬೇಕು ಎಂಬ ಕ್ರಮವನ್ನು ಆಕೆ ತಾನಾಗಿ ಕಂಡುಕೊಂಡಾಗಲೇ ಆಯ್ಕೆಯ ಮರ್ಮವು ಮನಸ್ಸಿಗಿಳಿಯುವುದು. ಗಣಕಯಂತ್ರವಿಲ್ಲದ ಶಾಲೆಯಲ್ಲಿಯೂ ಕಾಗದದ ಮೇಲೆ ಇದು ಸಾಧ್ಯ. ಪರೀಕ್ಷೆಯಲ್ಲಿ ವ್ಯಾಖ್ಯೆಯನ್ನು ಕೇಳುವುದಕ್ಕೆ ಬದಲಾಗಿ ಇಂಥದೊಂದು ಲೆಕ್ಕವನ್ನು ಕೊಡಬೇಕೆಂದು ಪಠ್ಯಕ್ರಮವನ್ನು ರಚಿಸುವವರಲ್ಲಿ ಪ್ರಾರ್ಥಿಸುತ್ತೇವೆ.