ಬುಗುರಿ ಬಿದ್ದಿತೇ ಎಂಬ ವ್ಯಾಜ್ಯ

ನಮ್ಮ ಸಹೋದರ ಪತ್ರಿಕೆಯೊಂದು ತನ್ನ ಕಳೆದ ಸಂಚಿಕೆಯಲ್ಲಿ, ಕ್ರಿಸ್ಟೋಫರ್ ನೋಲನ್ ಅವರ ‘ಇನ್‌ಸೆಪ್ಷನ್’ ಚಿತ್ರದ ಅಂತ್ಯವನ್ನು ಕಡೆಗೂ ಬಗೆಹರಿಸಿದುದಾಗಿ ಸಾರಿ, ದೀರ್ಘವಾದ ಪ್ರಬಂಧವೊಂದನ್ನು ಅಚ್ಚುಹಾಕಿದೆ. ಪ್ರಬಂಧಕಾರರು ಮುಂದಿಡುವ ಪ್ರಮಾಣಗಳು ನಮ್ಮ ಓದುಗರಿಗೆ ಹೊಸವಲ್ಲ. ನಾಯಕ ಕಾಬ್‌ನ ಬೆರಳಿನ ಮದುವೆಯುಂಗುರವು ಕನಸುಗಳಲ್ಲಿ ಮಾತ್ರ ಕಾಣುತ್ತದೆ, ಕೊನೆಯ ದೃಶ್ಯದಲ್ಲಿ ಕಾಣದು. ಅವನ ಮಕ್ಕಳ ಪಾತ್ರಗಳಿಗೆ ಬೇರೆ ಬೇರೆ ವಯಸ್ಸಿನ ಎರಡು ಜೊತೆ ಬಾಲನಟರ ಹೆಸರುಗಳು ನಟವರ್ಗದ ಪಟ್ಟಿಯಲ್ಲಿವೆ. ತಾವಿರುವ ದೃಶ್ಯಗಳೆಲ್ಲ ವಾಸ್ತವವೆಂದು ನಿರ್ದೇಶಕರೇ ತಮಗೆ ತಿಳಿಸಿದ್ದರೆಂದು ನಟ ಮೈಕೇಲ್ ಕೇನ್ 2018ರಲ್ಲಿ ಹೇಳಿದ್ದಾರೆ. ಆದಕಾರಣ, ಕನಸೋ ಎಚ್ಚರವೋ ಎಂದು ತಿಳಿಯಲು ಕಾಬ್ ಕೊನೆಯಲ್ಲಿ ತಿರುಗಿಸುವ ಬುಗುರಿ ಬಿದ್ದೇ ಬಿದ್ದಿತು, ಕಾಬ್ ಎಚ್ಚರದಲ್ಲಿಯೇ ಮನೆ ಸೇರಿದನು, ವ್ಯಾಜ್ಯ ಮುಗಿಯಿತು.

ವ್ಯಾಜ್ಯ ಮುಗಿಯಲಿಲ್ಲವೆಂದು ಮಾತ್ರವಲ್ಲ, ಇಂಥದೊಂದು ವ್ಯಾಜ್ಯವನ್ನು ಹೂಡಿದುದೇ ರಸವಿಮರ್ಶೆಗೆ ಬಗೆದ ಅಪಚಾರವೆಂದು ನಾವು ತಿಳಿಯುತ್ತೇವೆ. ಆ ಬುಗುರಿ ಮೂಲತಃ ಕಾಬ್‌ನದಲ್ಲ, ತೀರಿಹೋದ ಅವನ ಹೆಂಡತಿ ಮ್ಯಾಲ್‌ಳದು. ಇದು ಕನಸೋ ಎಚ್ಚರವೋ ಎಂಬ ಶಂಕೆಯಿಂದಲೇ ಜೀವವನ್ನು ನೀಗಿಕೊಂಡವಳ ವಸ್ತುವನ್ನು ಅವನು ಚಿತ್ರದುದ್ದಕ್ಕೂ ಹೊತ್ತು ತಿರುಗಿ, ಮತ್ತೆ ಮತ್ತೆ ತಿರುಗಿಸಿ, ಅದು ಬೀಳುವವರೆಗೂ ಉಸಿರು ಬಿಗಿಹಿಡಿದು ಕಾದವನು. ಅಂತಹವನು ಕಟ್ಟಕಡೆಗೆ ಅದನ್ನು ಮೇಜಿನ ಮೇಲೆ ತಿರುಗಿಸಿ, ಫಲವನ್ನು ನೋಡುವ ಮೊದಲೇ ಮುಖ ತಿರುಗಿಸಿ ಮಕ್ಕಳ ಬಳಿಗೆ ನಡೆದುಬಿಡುತ್ತಾನೆ. ಅಂತ್ಯದ ಕ್ರಿಯೆ ಇದು. ಬುಗುರಿ ತುಸು ತೂರಾಡಿದೊಡನೆ ತೆರೆ ಕಪ್ಪಾಗುವುದು ಆ ಕ್ರಿಯೆಯ ಅನುಬಂಧ ಮಾತ್ರ. ಸಂಶಯವು ಪಾತ್ರವನ್ನು ಬಿಟ್ಟು ಪ್ರೇಕ್ಷಕನಲ್ಲಿ ಬಂದು ನೆಲಸುವ ಈ ಸಂಕ್ರಮಣವನ್ನು ಕಾಣದೆ, ಉಂಗುರವನ್ನು ಅಳೆದು ಮಕ್ಕಳ ವಯಸ್ಸನ್ನು ಎಣಿಸುವವರು ನೋಡಿದುದು ಚಿತ್ರವನ್ನಲ್ಲ. 2015ರಲ್ಲಿ ಪ್ರಿನ್ಸ್‌ಟನ್ನಿನ ಪದವೀಧರರ ಮುಂದೆ ನೋಲನ್ ಅವರು ಈ ಅಂತ್ಯವನ್ನು ಕುರಿತು ಆಡಿದ ಮಾತುಗಳು ನಮ್ಮ ಪಕ್ಷಕ್ಕೇ ಅನುಕೂಲವಾಗಿವೆಯಾದರೂ ಅವರನ್ನೂ ನಾವು ಸಾಕ್ಷಿಯಾಗಿ ಕರೆಯಲೊಲ್ಲೆವು. ಕೃತಿಯೊಳಗೆ ಇಲ್ಲದ ಪ್ರಮಾಣ ಪ್ರಮಾಣವಲ್ಲ. ಅದನ್ನು ಕರ್ತೃವೇ ನುಡಿದರೂ ಅಷ್ಟೆ, ನಟನು ನುಡಿದರೂ ಅಷ್ಟೆ.

ಇದೇನು ನೂತನ ಸಿದ್ಧಾಂತವಲ್ಲ. ಭಾಸನ ಸ್ವಪ್ನನಾಟಕದ ಐದನೆಯ ಅಂಕವನ್ನು ನೆನೆಯಿರಿ. ಬೆಂಕಿಯಲ್ಲಿ ಬೆಂದುಹೋದಳೆಂದು ತಾನು ನಂಬಿದ ರಾಣಿ ವಾಸವದತ್ತೆಯನ್ನು ಉದಯನನು ಸಮುದ್ರಗೃಹದ ಶಯ್ಯೆಯಲ್ಲಿ ಕನಸಿನೊಳಗೆ ಕರೆಯುತ್ತಾನೆ. ಮಲಗಿರುವವಳು ಅವನ ಹೊಸ ರಾಣಿ ಪದ್ಮಾವತಿಯೆಂದೇ ಬಗೆದು ಪಕ್ಕದಲ್ಲಿ ಕುಳಿತ ನಿಜವಾದ ವಾಸವದತ್ತೆ ಆ ಕರೆಗೆ ಉತ್ತರಿಸುತ್ತಾಳೆ. ಜೋತುಬಿದ್ದ ಅವನ ತೋಳನ್ನು ಹಾಸಿಗೆಯ ಮೇಲಿರಿಸಿ ಹೊರಟುಹೋಗುತ್ತಾಳೆ. ಕಣ್ತೆರೆದು ಧಾವಿಸಿದ ಅರಸನಿಗೆ ತಾನು ಕಂಡುದು ಯಾವುದೆಂದು ತಿಳಿಯದು. ವಿದೂಷಕನಾದ ವಸಂತಕನು ಅದು ಕನಸೆಂದು ತೀರ್ಪು ಕೊಡುತ್ತಾನೆ. ಅವನು ಹಾಗೆ ಹೇಳುವುದಕ್ಕೆ ಕಾರಣವುಂಟು: ರಾಣಿ ಸತ್ತಳೆಂದು ನಂಬಿಸಿದ ಮಂತ್ರಿ ಯೌಗಂಧರಾಯಣನ ತಂತ್ರವನ್ನು ಬಲ್ಲವನಾದುದರಿಂದ ಆ ಗುಟ್ಟನ್ನು ಕಾಯಬೇಕಾದ ಭಾರ ಅವನದು. ನಮ್ಮ ವ್ಯಾಖ್ಯಾನಕಾರರಿಗೆ ಆ ಕಾರಣವೂ ಇಲ್ಲ. ಭಾಸನಲ್ಲಿ ಸಭಾಸದರಿಗೆ ಸತ್ಯ ತಿಳಿದಿರುತ್ತದೆ, ನಾಯಕನೊಬ್ಬನಿಗೆ ತಿಳಿಯದು; ಈ ಕಾಲದ ಚಿತ್ರವು ಸಭಾಸದನನ್ನೇ ಉದಯನನ ಸ್ಥಾನದಲ್ಲಿ ಕೂರಿಸುತ್ತದೆ. ಕೂರಿಸಿದ ಮೇಲೆ, ಎದ್ದುಬಂದು ವಿದೂಷಕನ ಮಾತನ್ನು ಕೇಳಿ ಸಮಾಧಾನಪಡು ಎನ್ನುವುದು ಎಂತಹ ರಸಿಕತೆ?

ಇನ್ನೊಂದು ಪಂಗಡದವರ ಮೇಲೂ ನಮಗೆ ಇಷ್ಟೇ ಅಸಮಾಧಾನವುಂಟು. ಯಾರಿಗೆ ಹೇಗೆ ತೋಚುವುದೋ ಅದೇ ಅರ್ಥ ಎಂದು ಕೈಚೆಲ್ಲುವ ಉದಾರಿಗಳು ಇವರು. ಟೆರಿ ಗಿಲಿಯಂ ಅವರ ‘ಬ್ರೆಜಿಲ್’ ಚಿತ್ರವನ್ನೂ ಇವರು ಸಂದಿಗ್ಧಾಂತ್ಯಗಳ ಸಾಲಿಗೆ ಸೇರಿಸುತ್ತಾರೆ. ಅಲ್ಲಿ ಸಂದೇಹಕ್ಕೆ ಎಡೆಯೆಲ್ಲಿದೆ? ಸ್ಯಾಮ್ ಲೌರಿಯು ಪ್ರಿಯೆಯೊಡನೆ ಹಸುರು ಕಣಿವೆಗೆ ಪಾರಾದುದು ಬರಿಯ ಭ್ರಾಂತಿ, ಅವನು ಯಾತನೆಯ ಕುರ್ಚಿಗೆ ಬಿಗಿಯಲ್ಪಟ್ಟೇ ಇದ್ದಾನೆ ಎಂಬುದನ್ನು ಚಿತ್ರವು ತನ್ನ ಕಣ್ಣಿನಿಂದಲೇ ತೋರಿಸುತ್ತದೆ. ಅಮೆರಿಕದ ವಿತರಕ ಸಂಸ್ಥೆಯಾದ ಯೂನಿವರ್ಸಲ್ ಆ ಕುರ್ಚಿಯನ್ನು ಕಿತ್ತುಹಾಕಿ, ಭ್ರಾಂತಿಯನ್ನೇ ಸತ್ಯವಾಗಿಸಿ, ಪ್ರೇಮವು ಗೆದ್ದಂತೆ ತೋರುವ 94 ನಿಮಿಷಗಳ ಬೇರೊಂದು ಪ್ರತಿಯನ್ನು ಸಿದ್ಧಗೊಳಿಸಿತು. ಗಿಲಿಯಂ ಅವರು ಪತ್ರಿಕೆಯಲ್ಲಿ ಇಡೀ ಪುಟದ ಜಾಹೀರಾತು ಕೊಟ್ಟು ಕಾದಾಡಬೇಕಾಯಿತು. ಅಂತ್ಯದ ಅರ್ಥವು ಪ್ರೇಕ್ಷಕನ ಇಚ್ಛೆಗೆ ಬಿಟ್ಟದ್ದಾದರೆ, ಆ ಮನುಷ್ಯ ಹೋರಾಡಿದುದು ಯಾವುದಕ್ಕಾಗಿ? ಸಂದಿಗ್ಧತೆಯೂ ಒಂದು ನಿಶ್ಚಿತವಾದ ರಚನೆ. ಅದು ಇರುವಲ್ಲಿ ಇರುತ್ತದೆ, ಇಲ್ಲದಲ್ಲಿ ಇಲ್ಲ. ಲೂಯಿ ಬುನ್ಯುಯೆಲ್ಲರ 1967ರ ‘ಬೆಲ್ ದ ಜೂರ್’ ಚಿತ್ರದ ಕೊನೆಯಲ್ಲಿ ಅದು ಇದೆ: ಅಂಗವಿಕಲನಾದ ಗಂಡನು ಗಾಲಿಕುರ್ಚಿಯಿಂದೆದ್ದು ನಿಲ್ಲುವಾಗ ಕೇಳಿಬರುವ ಸಾರೋಟಿನ ಗೆಜ್ಜೆಸದ್ದು, ಚಿತ್ರದ ಮೊದಲಿನಿಂದಲೂ ಹೆಂಡತಿಯ ಹಗಲುಗನಸುಗಳಿಗೆ ಮುದ್ರೆಯಾಗಿ ಬಂದ ಸದ್ದೇ ಆಗಿರುವುದರಿಂದ, ನಮ್ಮ ಸಂಶಯಕ್ಕೆ ಚಿತ್ರವೇ ಆಧಾರವನ್ನು ಒದಗಿಸುತ್ತದೆ.

ಇವೆರಡಕ್ಕಿಂತಲೂ ನಮ್ಮನ್ನು ಹೆಚ್ಚು ನೋಯಿಸುವುದು, ಇಂತಹ ಚಿತ್ರವೊಂದು ಬಂದಾಗಲೆಲ್ಲ “ಎಲ್ಲವೂ ಮಾಯೆಯೆಂದು ನಮ್ಮವರು ಅಂದೇ ಹೇಳಿದ್ದರು” ಎಂದು ಹೇಳಿ ವಿಮರ್ಶೆಯ ಶ್ರಮದಿಂದ ಮುಕ್ತರಾಗುವವರ ವೇದಾಂತ. ಗೌಡಪಾದರು ಮಾಂಡೂಕ್ಯಕಾರಿಕೆಗಳಲ್ಲಿ ಜಾಗ್ರತ್ತನ್ನೂ ಸ್ವಪ್ನವನ್ನೂ ಒಂದೇ ತಕ್ಕಡಿಯಲ್ಲಿಟ್ಟರೆಂಬುದು ನಿಜ. ಆದರೆ ಶಂಕರರು ಬ್ರಹ್ಮಸೂತ್ರಭಾಷ್ಯದ ಎರಡನೆಯ ಅಧ್ಯಾಯದಲ್ಲಿ ಬೌದ್ಧ ವಿಜ್ಞಾನವಾದಿಗಳನ್ನು ಎದುರಿಸುವಾಗ, ಎಚ್ಚರದ ಅನುಭವವು ಕನಸಿನಂತಹುದಲ್ಲ, ಕನಸು ಎಚ್ಚರದಿಂದ ಬಾಧಿತವಾಗುತ್ತದೆ, ಎಚ್ಚರವು ಹಾಗೆ ಬಾಧಿತವಾಗುವುದಿಲ್ಲ ಎಂದು ಸ್ಪಷ್ಟವಾಗಿ ವಾದಿಸಿದ್ದಾರೆ. ಇಷ್ಟು ಸೂಕ್ಷ್ಮವಾಗಿ ವಿವೇಚಿಸಿದ ಪರಂಪರೆಯನ್ನು ಅವಿವೇಚನೆಗೆ ಹೊದಿಕೆಯಾಗಿ ಬಳಸುವುದು ಸಲ್ಲದು.

ಕನ್ನಡದ ಮಟ್ಟಿಗೆ ಹೇಳುವುದಾದರೆ, ಪ್ರೇಕ್ಷಕರೇ ಕೂಡಿಸಿಕೊಟ್ಟ ಹಣದಿಂದ ಪವನ್ ಕುಮಾರ್ ಅವರು 2013ರಲ್ಲಿ ತೆರೆಗೆ ತಂದ ‘ಲೂಸಿಯಾ’ ಈ ವಿಷಯದಲ್ಲಿ ನಮ್ಮ ವಿಮರ್ಶಕರಿಗಿಂತ ಬಹಳ ಮುಂದಿತ್ತು. ಚಿತ್ರಮಂದಿರದಲ್ಲಿ ಟಾರ್ಚು ಹಿಡಿದು ಆಸನ ತೋರಿಸುವ ನಿದ್ರಾಹೀನನ ಬಾಳಿಗೆ ಬಣ್ಣವನ್ನೂ ಖ್ಯಾತ ನಟನ ಬಾಳಿಗೆ ಕಪ್ಪು-ಬಿಳುಪನ್ನೂ ಕೊಟ್ಟು, ಬಣ್ಣವಿದ್ದುದೇ ವಾಸ್ತವವೆಂಬ ನಮ್ಮ ಕಣ್ಣಿನ ರೂಢಿಯನ್ನು ನಂಬಿಸಿ, ಕಡೆಗೆ ಆ ನಂಬಿಕೆಯನ್ನೇ ತಲೆಕೆಳಗು ಮಾಡಿದ ಚಿತ್ರವದು. ನಾವು ಮೋಸಹೋದುದು ಕಥೆಯಿಂದಲ್ಲ, ನೋಡುವ ಅಭ್ಯಾಸದಿಂದ ಎಂಬುದನ್ನು ವಿವರಿಸಬೇಕಾದ ಬರೆಹಗಳು ಯಾವ ಜೀವನ ಯಾರ ಕನಸು ಎಂಬ ಕೋಷ್ಟಕಗಳನ್ನು ಬರೆಯುವುದರಲ್ಲಿಯೇ ತೃಪ್ತಿಪಟ್ಟವು.

ಅಂತ್ಯವನ್ನು ಕಾಣುವುದಕ್ಕೆ ಅಂತ್ಯದವರೆಗೆ ಕುಳಿತಿರಬೇಕಷ್ಟೆ. ಕೊನೆಯ ಚಿತ್ರಿಕೆ ಇನ್ನೂ ತೆರೆಯ ಮೇಲಿರುವಾಗಲೇ ಬಾಗಿಲುಗಳನ್ನು ತೆರೆದು ದೀಪ ಹಾಕುವ ಚಿತ್ರಮಂದಿರಗಳನ್ನು ಕುರಿತು ನಾವು ಹಿಂದೆಯೂ ಬರೆದಿದ್ದೇವೆ, ಮುಂದೆಯೂ ಬರೆಯುತ್ತೇವೆ.

ಈ ಸಂಚಿಕೆಯನ್ನು ‘ಸ್ವಪ್ನ ಮತ್ತು ಚಲನಚಿತ್ರ’ ಎಂಬ ವಿಷಯಕ್ಕೆ ಮೀಸಲಿರಿಸಿದ್ದೇವೆ. ಇದಕ್ಕೆ ಪ್ರತಿಕ್ರಿಯೆಯಾಗಿ ಲೇಖನ ಕಳುಹಿಸತಕ್ಕವರು, ನಿರ್ದೇಶಕರ ಅಥವಾ ನಟರ ಸಂದರ್ಶನಗಳನ್ನು ನಿರ್ಣಾಯಕ ಪ್ರಮಾಣವಾಗಿ ಉದ್ಧರಿಸಿದಲ್ಲಿ ಅಂತಹ ಲೇಖನಗಳನ್ನು ಪ್ರಕಟಿಸಲಾಗುವುದಿಲ್ಲವೆಂದು ವಿನಯಪೂರ್ವಕವಾಗಿ ಅರಿಕೆ ಮಾಡುತ್ತೇವೆ.