ಸ್ವಿಚ್ ಹಾಕಿದ ಆ ಕ್ಷಣ
ಕಪ್ಪತಗುಡ್ಡದ ಗಾಳಿಯಂತ್ರವಿರಲಿ, ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರದ ಹೊಲಗಳ ಪಂಪ್‌ಸೆಟ್ಟಿನ ಸ್ಟಾರ್ಟರ್ ಇರಲಿ, ಸ್ವಿಚ್ ಹಾಕಿದ, ತೆಗೆದ ಕ್ಷಣದಲ್ಲಿ ಸರ್ಕ್ಯೂಟಿನೊಳಗೆ ಏನಾಗುತ್ತದೆಂಬುದು ಬರಿಗಣ್ಣಿಗೆ ಕಾಣದು. ಸರ್ಕ್ಯೂಟ್ ಸಿಮ್ಯುಲೇಟರ್ ಎಂಬ ಸಾಫ್ಟ್‌ವೇರ್ ಆ ಕ್ಷಣವನ್ನು ಹಿಗ್ಗಿಸಿ ತೋರಿಸುತ್ತದೆ. 1 ಕಿಲೋಓಮ್ ರೆಸಿಸ್ಟರಿಗೆ 100 ಮೈಕ್ರೋಫ್ಯಾರಡ್ ಕೆಪಾಸಿಟರ್ ಜೋಡಿಸಿ ಒಮ್ಮೆಲೇ 12 ವೋಲ್ಟ್ ಕೊಟ್ಟು ನೋಡಿ: ಕೆಪಾಸಿಟರ್ 0.1 ಸೆಕೆಂಡಿನಲ್ಲಿ ಸುಮಾರು 7.6 ವೋಲ್ಟಿಗೆ ಏರುತ್ತದೆ, ಅರ್ಧ ಸೆಕೆಂಡಿಗೆ ಹೆಚ್ಚುಕಡಿಮೆ ತುಂಬುತ್ತದೆ. ರಿಲೇ ಕಾಯಿಲ್‌ನ ಕಥೆ ಇನ್ನೂ ಸ್ವಾರಸ್ಯದ್ದು. ಅಡ್ಡಲಾಗಿ ಡಯೋಡ್ ಇಲ್ಲದಿದ್ದರೆ, ಕರೆಂಟ್ ತಟ್ಟನೆ ಕಡಿದಾಗ ಅದೇ 12 ವೋಲ್ಟಿನ ಕಾಯಿಲ್ ನೂರಾರು ವೋಲ್ಟ್ ಎಬ್ಬಿಸಬಲ್ಲದು. ಅದನ್ನು ನಡೆಸುವ ಟ್ರಾನ್ಸಿಸ್ಟರ್ ಸುಟ್ಟುಹೋಗಬಹುದು. ಪರದೆಯ ಮೇಲಾದರೆ ಎಷ್ಟು ಸಲ ತಪ್ಪಿದರೂ ನಷ್ಟವಿಲ್ಲ. ಆದರೆ ಸಿಮ್ಯುಲೇಟರಿನ ಸ್ವಿಚ್ಚಿಗೆ ಆನ್ ಇದ್ದಾಗಿನ, ಆಫ್ ಇದ್ದಾಗಿನ ರೋಧಗಳನ್ನು ನಿಜಕ್ಕೆ ಹತ್ತಿರವಾಗಿ ಕೊಡಬೇಕು; ಅವುಗಳ ಅಂತರ ಅತಿಯಾದರೆ ಲೆಕ್ಕ ಅರ್ಧಕ್ಕೇ ನಿಲ್ಲುವುದುಂಟು. 1973ರಲ್ಲಿ ಬರ್ಕ್ಲಿ ವಿಶ್ವವಿದ್ಯಾಲಯದಿಂದ ಹೊರಬಂದ ಸ್ಪೈಸ್ ಎಂಬ ಸಿಮ್ಯುಲೇಟರಿನ ವಂಶದ್ದೇ ಇಂದಿನ ಎನ್‌ಜಿಸ್ಪೈಸ್. ಅದನ್ನು ಬಳಸಿಕೊಂಡು ಐಐಟಿ ಬಾಂಬೆ ರೂಪಿಸಿದ ಇಸಿಮ್‌ಗೆ ಒಂದು ಪೈಸೆಯೂ ಬೇಡ. ಗದಗ-ಬೆಟಗೇರಿಯಲ್ಲಿ ಡಿಪ್ಲೊಮಾ, ಇಂಜಿನಿಯರಿಂಗ್ ಓದುತ್ತಿರುವ ಮಕ್ಕಳೇ, ಸೋಲ್ಡರಿಂಗ್ ಕಡ್ಡಿ ಕಾಯಿಸುವ ಮೊದಲು ನಿಮ್ಮ ಸರ್ಕ್ಯೂಟನ್ನು ಅದರಲ್ಲಿ ಒಮ್ಮೆ ಓಡಿಸಿ ನೋಡಿ.